ಕಾಣದ ಮೃಗಗಳ ಸತ್ಯ

ಯಾವ ಕಾಡಿನಲ್ಲಿಯೂ ಮೇಯದ, ಯಾವ ಆಕಾಶದಲ್ಲಿಯೂ ಹಾರದ ಪ್ರಾಣಿಯೊಂದನ್ನು ಚಿತ್ರಕಾರನು ಬರೆದು ನಮ್ಮ ಮುಂದಿಟ್ಟಾಗ ಆತನು ನಮಗೆ ಹೇಳುತ್ತಿರುವುದು ಸತ್ಯವೋ ಅಸತ್ಯವೋ ಎಂಬ ಪ್ರಶ್ನೆ ಮೇಲುನೋಟಕ್ಕೆ ಕಲೆಯ ಪ್ರಶ್ನೆಯಾಗಿ ತೋರಿದರೂ ವಾಸ್ತವವಾಗಿ ಅದು ಧರ್ಮಜಿಜ್ಞಾಸೆಗೆ ಸೇರಿದ ಪ್ರಶ್ನೆ. ಎರಡು ತಲೆಯ ಪಕ್ಷಿಯನ್ನು ಸುಳ್ಳೆಂದು ತಳ್ಳುವವನು ಆನೆಯ ಮೊಗದ ಗಣಪತಿಯನ್ನೂ ಸಿಂಹದ ಮೊಗದ ನರಹರಿಯನ್ನೂ ಏನೆಂದು ಕರೆಯಬೇಕೆಂಬುದನ್ನು ಹೇಳಬೇಕಾಗುತ್ತದೆ. ಇವೆಲ್ಲವೂ ಸತ್ಯವೆಂದು ಒಪ್ಪುವವನು, ಕಣ್ಣಿಗೆ ಎಂದೂ ಗೋಚರವಾಗದುದು ಯಾವ ಬಗೆಯಲ್ಲಿ ಸತ್ಯವಾದೀತೆಂಬುದನ್ನು ವಿವರಿಸಬೇಕಾಗುತ್ತದೆ. ಗುರುಮುಖದಿಂದ ಶಿಲ್ಪಶಾಸ್ತ್ರವನ್ನು ಕಲಿತವನಾದರೆ ಆಗಮವು ಹೀಗೆ ವಿಧಿಸಿದೆಯೆಂದು ಪ್ರಮಾಣವನ್ನಾದರೂ ತೋರಿಸಬಹುದು. ಯಾವ ಕಲಾಶಾಲೆಯ ಮೆಟ್ಟಿಲನ್ನೂ ಹತ್ತದೆ, ಹಿರಿಯರ ಕಥೆಗಳನ್ನೂ ಊರ ಜಾತ್ರೆಯ ಸಂಭ್ರಮವನ್ನೂ ಮನಸ್ಸಿನಲ್ಲಿ ತುಂಬಿಕೊಂಡು, ತನಗೆ ತಾನೇ ಕಲಿತು ಬರೆಯುವವನಿಗೆ ಆ ಆಸರೆಯೂ ಇಲ್ಲ. ಅಂಥವನು ಬರೆದ ಮೃಗಕ್ಕೆ ಪ್ರಮಾಣವೇನು?

ಇದಕ್ಕೆ ಉತ್ತರವನ್ನು ಅರಸಲು ಮೊದಲು ಒಂದು ಊರಿಗೆ ಹೋಗೋಣ. ವಿಜಯಪುರ ನಗರದ ನೈರುತ್ಯಕ್ಕೆ, ಬಬಲೇಶ್ವರದ ಸೀಮೆಯಲ್ಲಿ ಮಮದಾಪುರವೆಂಬ ಊರಿದೆ. 1627ರಿಂದ 1656ರವರೆಗೆ ಆಳಿ ಗೋಲಗುಮ್ಮಟದಲ್ಲಿ ವಿಶ್ರಮಿಸಿರುವ ಮುಹಮ್ಮದ್ ಆದಿಲಶಾಹನ ಹೆಸರನ್ನೇ ಹೊತ್ತಿರುವ ಆ ಊರಿಗೆ ಅವನು ಕಟ್ಟಿಸಿಕೊಟ್ಟ ಹಿರಿಯ ಕೆರೆಯೇ ಇಂದಿಗೂ ಕೀರ್ತಿ. ಮಳೆ ಕೈಕೊಡುವುದನ್ನು ತಲೆತಲಾಂತರದಿಂದ ಕಂಡುಂಡ ಈ ನೆಲದಲ್ಲಿ ಜ್ಯೇಷ್ಠದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಅಂದು ಈ ಸೀಮೆಯ ಮನೆಮನೆಗಳಲ್ಲಿ ಎರೆಮಣ್ಣನ್ನು ನಾದಿ ಎತ್ತುಗಳನ್ನೂ ಅವುಗಳ ಮುಂದಿಡುವ ಗ್ವಾದಲಿಯನ್ನೂ ಮಾಡಿ ಪೂಜಿಸುತ್ತಾರೆ. ಈ ಕೆಲಸದಲ್ಲಿ ತೊಡಗಿದ ಬಾಲಕನೊಬ್ಬನ ಕೈಯನ್ನು ಹತ್ತಿರ ಕುಳಿತು ನೋಡಬೇಕು. ಅವನು ಮೊದಲು ಕಾಲುಗಳನ್ನು ಮಾಡುವುದಿಲ್ಲ, ಮೊಗವನ್ನೂ ಮಾಡುವುದಿಲ್ಲ. ಹಿಡಿಮಣ್ಣನ್ನು ಉದ್ದಕ್ಕೆ ಹೊಸೆದು, ಎರಡು ಬೆರಳುಗಳ ನಡುವೆ ಅದನ್ನು ಮೇಲಕ್ಕೆಳೆದು ಹಿಣಿಲನ್ನು ಎತ್ತುತ್ತಾನೆ. ಅನಂತರ ಹೆಬ್ಬೆರಳಿನಿಂದ ಕೊರಳ ಕೆಳಗೆ ಚಿವುಟಿ ಗಂಗೆದೊಗಲನ್ನು ಇಳಿಬಿಡುತ್ತಾನೆ. ಕೋಡುಗಳು ಆಮೇಲೆ, ಕಾಲುಗಳು ಕಟ್ಟಕಡೆಗೆ, ಅವೂ ಗಿಡ್ಡನೆಯ ಮೋಟುಗಳು. ಜೀವಂತ ಎತ್ತಿನ ಹಿಣಿಲು ಅಷ್ಟು ಎತ್ತರವಲ್ಲ; ಅಷ್ಟು ಗಿಡ್ಡ ಕಾಲಿನ ಎತ್ತು ಒಂದು ಗಳೇವನ್ನೂ ಎಳೆಯಲಾರದು. ಆದರೂ ನೊಗವು ಬಂದು ಕೂರುವ ಜಾಗವೇ ಎತ್ತಿನ ಎತ್ತುತನವೆಂಬುದನ್ನು, ಹೊಲದಲ್ಲಿ ಅಪ್ಪನ ಹಿಂದೆ ನಡೆದ ಆ ಬಾಲಕನು ಬಲ್ಲನು. ಅವನು ಮಾಡಿದುದು ಅಳತೆಗೆ ತಪ್ಪಿದ ಎತ್ತು, ಆದರೆ ದುಡಿಮೆಗೆ ತಪ್ಪದ ಎತ್ತು. ಯಾರೂ ಅವನಿಗೆ ಇದನ್ನು ಕಲಿಸಲಿಲ್ಲ.

ಭಾದ್ರಪದದಲ್ಲಿ ಅದೇ ಮಣ್ಣಿನಿಂದ ಜೋಕುಮಾರನು ಮೂಡುತ್ತಾನೆ. ಅಗಲವಾಗಿ ತೆರೆದ ಕಣ್ಣು, ಬೆಣ್ಣೆ ಮೆತ್ತಿದ ತೆರೆದ ಬಾಯಿ, ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕುಳಿತು ಮನೆಯಿಂದ ಮನೆಗೆ ಹೋಗಿ ಏಳು ದಿನಗಳಲ್ಲಿ ಆಯುಸ್ಸು ಮುಗಿಸುವ ಆ ದೇವರು ಯಾವ ಆಗಮದ ಲಕ್ಷಣಕ್ಕೂ ಒಳಪಟ್ಟವನಲ್ಲ. ಗಣಪತಿಯು ಬಂದು ಉಂಡು ಹೋದ ಮೇಲೆ ಜೋಕುಮಾರನು ಬಂದು, ಬಡವರ ಬವಣೆಯನ್ನು ಕಂಡು, ಮಳೆಯನ್ನು ಬೇಡಿಕೊಡುವನೆಂದು ಜನರ ನಂಬಿಕೆ. ಮಳೆಗಾಗಿ ಬಾಯ್ದೆರೆದ ನೆಲಕ್ಕೆ ಮನುಷ್ಯನ ಮೊಗವನ್ನು ಕೊಡುವುದಾದರೆ ಅದು ಹೇಗೆ ಇದ್ದೀತು ಎಂಬುದಕ್ಕೆ ಈ ಜನ ಕೊಟ್ಟ ಉತ್ತರವೇ ಆ ತೆರೆದ ಬಾಯಿ.

ಇಷ್ಟನ್ನು ಹೇಳಿದ ಮೇಲೆ ಎದುರು ಪಕ್ಷದ ಮಾತನ್ನು ಗೌರವದಿಂದ ಕೇಳಬೇಕು. ಅದು ಹುಟ್ಟಿದ್ದೂ ಇದೇ ಸೀಮೆಯಲ್ಲಿ. ಮಮದಾಪುರದಿಂದ ಬಹುದೂರವಲ್ಲದ ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರು, ದೇವರನ್ನು ಹೊರಗಣ ರೂಪಗಳಲ್ಲಿ ಹುಡುಕುವ ಮತಿಯನ್ನು ಹನ್ನೆರಡನೆಯ ಶತಮಾನದಲ್ಲಿಯೇ ಕಠಿನವಾಗಿ ಪ್ರಶ್ನಿಸಿದರು. ಅಲ್ಲಮಪ್ರಭುಗಳ ಬಯಲಿನ ದರ್ಶನದಲ್ಲಿ ರೂಪವೆಂಬುದಕ್ಕೆ ಕಡೆಗೆ ನಿಲ್ಲಲು ನೆಲೆಯೇ ಇಲ್ಲ. ಇನ್ನು ಇಲ್ಲಿ ಇನ್ನೂರು ವರ್ಷಗಳಷ್ಟು ಆಳಿದ ಆದಿಲಶಾಹಿಗಳ ಮತವಾದರೋ ದೇವರಿಗೆ ಆಕಾರವನ್ನು ಕಲ್ಪಿಸುವುದನ್ನೇ ನಿಷೇಧಿಸುವಂಥದು. ಹೀಗೆ ಎರಡು ದೊಡ್ಡ ಶ್ರದ್ಧೆಗಳು ನಿರಾಕಾರವನ್ನು ಎತ್ತಿಹಿಡಿದ ನೆಲದಲ್ಲಿ ನಿಂತು ವಿಚಿತ್ರಾಕಾರದ ಪ್ರಾಣಿಗಳ ಪರವಾಗಿ ಮಾತನಾಡುವುದು ಸುಲಭವಲ್ಲ. ರೂಪವು ಮನಸ್ಸನ್ನು ಹಿಡಿದು ನಿಲ್ಲಿಸಿಬಿಡುತ್ತದೆ, ಮುಂದಕ್ಕೆ ಹೋಗಗೊಡುವುದಿಲ್ಲ ಎಂಬ ಅವರ ಆಕ್ಷೇಪಣೆ ಅನುಭವಸಿದ್ಧವಾದುದು.

ಆದರೆ ಅದೇ ವಿಜಯಪುರದ ಅರಮನೆಯಲ್ಲಿ ನಡೆದುದನ್ನೂ ನಾವು ಮರೆಯಲಾಗದು. ಮೊದಲನೆಯ ಅಲಿ ಆದಿಲಶಾಹನ ಕಾಲದಲ್ಲಿ, 1570ರಲ್ಲಿ, ಇಲ್ಲಿ ಸಿದ್ಧವಾದ ‘ನುಜೂಮ್ ಅಲ್-ಉಲೂಮ್’ ಎಂಬ ಸಚಿತ್ರ ಗ್ರಂಥ ಇಂದು ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಜ್ಯೋತಿಷ, ಮಂತ್ರ, ಆನೆ ಕುದುರೆಗಳ ಲಕ್ಷಣ, ಆಯುಧವಿದ್ಯೆ ಮುಂತಾದ ಅನೇಕ ವಿಷಯಗಳೊಡನೆ ಭೂಮಿಯ ಅಧಿದೇವತೆಗಳಾದ ರೂಹಾನಿಗಳ ನೂರಕ್ಕೂ ಮಿಕ್ಕ ಚಿತ್ರಗಳು ಅದರಲ್ಲಿವೆ. ಅವುಗಳನ್ನು ನೋಡಿದರೆ ಈ ನಾಡಿನ ಯೋಗಿನಿಯರ ನೆನಪಾಗದೆ ಇರದು. ಅನಂತರ ಬಂದ ಎರಡನೆಯ ಇಬ್ರಾಹಿಮನು ತನ್ನ ‘ಕಿತಾಬ್-ಎ-ನೌರಸ್’ನಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದನು, ಕೈಯಲ್ಲಿ ಕುಂಚವನ್ನೂ ಹಿಡಿದನು. ನಿರಾಕಾರವನ್ನು ನಂಬಿದವರಿಗೂ ರೂಪದ ಹಂಬಲ ಬಿಡಲಿಲ್ಲವೆಂದರೆ ಅದನ್ನು ದೌರ್ಬಲ್ಯವೆಂದು ಬಗೆಯುವುದು ಅವಸರದ ತೀರ್ಪಾದೀತು. ಕಾಣದುದರ ಕಡೆಗೆ ಮನಸ್ಸು ಕೈಚಾಚುವಾಗ ಕಂಡುದರಿಂದಲೇ ಒಂದು ಸೇತುವನ್ನು ಕಟ್ಟಿಕೊಳ್ಳುತ್ತದೆ. ಸೇತುವಿನ ಮೇಲೆ ಮನೆ ಕಟ್ಟಬಾರದೆಂಬುದು ಶರಣರ ಎಚ್ಚರಿಕೆಯೇ ಹೊರತು ಹೊಳೆಯನ್ನು ದಾಟಬಾರದೆಂಬುದಲ್ಲ.

ನಮ್ಮ ದಾರ್ಶನಿಕರು ಇಲ್ಲದ ವಸ್ತುವಿನ ಬಗ್ಗೆ ಬಹು ಸೂಕ್ಷ್ಮವಾಗಿ ಚಿಂತಿಸಿದ್ದಾರೆ. ಮೊಲದ ಕೊಂಬು, ಆಕಾಶದ ಹೂವು, ಬಂಜೆಯ ಮಗ ಎಂಬ ದೃಷ್ಟಾಂತಗಳು ಶಾಸ್ತ್ರಗ್ರಂಥಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ನೈಯಾಯಿಕರು ಹೇಳುವುದೇನೆಂದರೆ, ಮೊಲವೂ ಉಂಟು, ಕೊಂಬೂ ಉಂಟು; ಇಲ್ಲದಿರುವುದು ಅವೆರಡರ ಸಂಬಂಧ ಮಾತ್ರ. ಮನಸ್ಸು ಶೂನ್ಯದಿಂದ ಏನನ್ನೂ ಹುಟ್ಟಿಸಲಾರದು, ಕಂಡ ಅಂಶಗಳನ್ನೇ ಕಾಣದ ಕ್ರಮದಲ್ಲಿ ಜೋಡಿಸಬಲ್ಲುದು. ಅದ್ವೈತಿಗಳು ಇನ್ನೊಂದು ಹೆಜ್ಜೆ ಮುಂದಿಟ್ಟು, ಎಂದೆಂದಿಗೂ ತೋರದ ಮೊಲದ ಕೊಂಬಿಗೂ, ಮಬ್ಬುಬೆಳಕಿನಲ್ಲಿ ಹಗ್ಗದ ಮೇಲೆ ತೋರುವ ಹಾವಿಗೂ ಭೇದವನ್ನು ಕಾಣಿಸಿದರು. ಮೊದಲನೆಯದು ತುಚ್ಛ, ಬರಿಯ ಮಾತು. ಎರಡನೆಯದು ಮಿಥ್ಯೆಯಾದರೂ ಅದಕ್ಕೆ ಅಧಿಷ್ಠಾನವಾಗಿ ಹಗ್ಗವಿದೆ, ಅದನ್ನು ಕಂಡವನ ಎದೆ ನಿಜವಾಗಿಯೂ ನಡುಗುತ್ತದೆ, ವಿಚಾರಿಸುತ್ತ ಹೋದರೆ ಆ ತೋರಿಕೆಯೇ ನಮ್ಮನ್ನು ಹಗ್ಗದ ಬಳಿಗೆ ಒಯ್ಯುತ್ತದೆ. ಈ ಎರಡು ವಿವೇಕಗಳನ್ನು ಹಿಡಿದು ನೋಡಿದರೆ ನಮ್ಮ ಪ್ರಶ್ನೆಯು ಸ್ಪಷ್ಟವಾಗುತ್ತದೆ. ಚಿತ್ರಕಾರನ ಮೃಗದ ಅಂಗಾಂಗಗಳು ಕಂಡವುಗಳೇ? ಅದರ ಅಡಿಯಲ್ಲಿ ಒಂದು ಜನದ ಭಯವೋ ವಿಸ್ಮಯವೋ ಭಕ್ತಿಯೋ ಅಧಿಷ್ಠಾನವಾಗಿ ನಿಂತಿದೆಯೇ? ಇದ್ದರೆ ಅದು ಮೊಲದ ಕೊಂಬಲ್ಲ.

ಬಳ್ಳಿಗಾವಿಯಲ್ಲಿ 1047ರಲ್ಲಿ ಚಾಮುಂಡರಾಯರಸನು ನಿಲ್ಲಿಸಿದ ಸ್ತಂಭದ ಭೇರುಂಡೇಶ್ವರನನ್ನು ನೆನೆಯಿರಿ. ಮೈಯೆಲ್ಲ ಮನುಷ್ಯನದು, ಕೊರಳ ಮೇಲೆ ಎರಡು ಹಕ್ಕಿಯ ತಲೆಗಳು. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಅದೇ ಗಂಡಭೇರುಂಡವು ಒಂದು ಸರಪಳಿಯ ಕೊನೆಯ ಕೊಂಡಿಯಾಗಿ ಬರುತ್ತದೆ: ಸಣ್ಣ ಪ್ರಾಣಿಯೊಂದನ್ನು ಹಾವು ನುಂಗುತ್ತಿದೆ, ಹಾವನ್ನು ಆನೆ ಹಿಡಿದಿದೆ, ಆನೆಯ ಮೇಲೆ ಸಿಂಹ ಎರಗಿದೆ, ಸಿಂಹವನ್ನು ಶರಭ ಕೆಡಹಿದೆ, ಶರಭವನ್ನು ಗಂಡಭೇರುಂಡ ಕೊಲ್ಲುತ್ತಿದೆ; ಪಕ್ಕದಲ್ಲಿ ಋಷಿಯೊಬ್ಬನು ಬೆರಗಾಗಿ ನೋಡುತ್ತಿದ್ದಾನೆ. ಈ ಶಿಲ್ಪದಲ್ಲಿ ಹಾವು, ಆನೆ, ಸಿಂಹಗಳು ನಮ್ಮ ಲೋಕದವು. ಶರಭ, ಭೇರುಂಡಗಳು ಅಲ್ಲ. ಶಿಲ್ಪಿಯು ಕಂಡ ಲೋಕದಿಂದ ಕಾಣದ ಲೋಕಕ್ಕೆ ಸಾಗುವಾಗ ಎಲ್ಲಿಯೂ ಗೆರೆ ಎಳೆದಿಲ್ಲ. ಬಲಿಷ್ಠನಿಗಿಂತ ಬಲಿಷ್ಠನು ಇದ್ದೇ ಇರುವನೆಂಬ, ಹಿಂಸೆಗೆ ತನ್ನೊಳಗೆ ಕೊನೆಯಿಲ್ಲವೆಂಬ ಸತ್ಯವನ್ನು ಹೇಳಲು ಕಾಡಿನ ಪ್ರಾಣಿಗಳು ಸಾಲದೆ ಹೋದುದರಿಂದ ಅವನು ಇನ್ನೆರಡನ್ನು ಕಲ್ಪಿಸಿದನು. ಬೆರಗಾದ ಋಷಿಯು ಅಲ್ಲಿ ಇಲ್ಲದಿದ್ದರೆ ಅದು ಬರಿಯ ಕಾದಾಟವಾಗುತ್ತಿತ್ತು. ಅವನಿರುವುದರಿಂದ ಅದು ದರ್ಶನವಾಯಿತು.

ಆ ಶಿಲ್ಪಿಗಳಿಗೆ ಪರಂಪರೆಯಿತ್ತು, ಗುರುವಿದ್ದನು. ಪರಂಪರೆಯ ಹೊರಗೆ ನಿಂತು ತನಗೆ ತಾನೇ ಗುರುವಾದವನ ವಿಷಯವೇನು? ನಮ್ಮ ಕಾಲಕ್ಕೆ ಸಮೀಪವಾದ ಮೂವರನ್ನು ಇಲ್ಲಿ ನೆನೆಯುವುದು ಉಚಿತ. ಮೊದಲನೆಯವರು ರವೀಂದ್ರನಾಥ ಠಾಕೂರರು. ತಾರುಣ್ಯದಲ್ಲಿ ನಮ್ಮ ಕಾರವಾರದ ಕಡಲಂಚಿನಲ್ಲಿ ಅಣ್ಣನ ಮನೆಯಲ್ಲಿದ್ದು ನಾಟಕ ಬರೆದ ಆ ಕವಿ, ಅರುವತ್ತು ದಾಟಿದ ಮೇಲೆ ಚಿತ್ರಕ್ಕೆ ಕೈಯಿಟ್ಟರು. ಅವರ ಹಸ್ತಪ್ರತಿಗಳಲ್ಲಿ ಹೊಡೆದುಹಾಕಿದ ಸಾಲುಗಳ ಮಸಿ ಒಂದಕ್ಕೊಂದು ಕೂಡಿಕೊಂಡು ಕೊಕ್ಕಾಗಿ, ಬೆನ್ನಾಗಿ, ಉಗುರಾಗಿ, ಹೆಸರಿಲ್ಲದ ಪ್ರಾಣಿಗಳಾಗಿ ಎದ್ದು ನಿಂತವು. ಬೇಡವೆಂದು ತಳ್ಳಿದ ಮಾತುಗಳೂ ಎಲ್ಲಿಯೋ ಇರಲು ಬಯಸುತ್ತವೆಂಬಂತೆ ಆ ಮೃಗಗಳು ನಮ್ಮತ್ತ ನೋಡುತ್ತವೆ. 1930ರಲ್ಲಿ ಪ್ಯಾರಿಸಿನಲ್ಲಿ ಅವರ ಚಿತ್ರಗಳು ಮೊದಲ ಬಾರಿ ಪ್ರದರ್ಶಿತವಾದವು. ಅವರು ಬಿಟ್ಟುಹೋದ ಚಿತ್ರಗಳು ಎರಡು ಸಾವಿರಕ್ಕೂ ಮಿಕ್ಕಿವೆ. ಉಪನಿಷತ್ತಿನ ನಿರಾಕಾರ ಬ್ರಹ್ಮವನ್ನು ಉಪಾಸಿಸಿದ ಬ್ರಹ್ಮಸಮಾಜದ ಮನೆತನದಲ್ಲಿ ಹುಟ್ಟಿ ಬೆಳೆದವರ ಕೈಯಿಂದಲೇ ಈ ರೂಪಗಳು ಹೊರಟವೆಂಬುದು ಚಿಂತನಾರ್ಹವಾದ ಸಂಗತಿ.

ಎರಡನೆಯವರು ನಮ್ಮವರೇ ಆದ ಗಂಜೀಫಾ ರಘುಪತಿ ಭಟ್ಟರು. ಉಡುಪಿಯ ಸೀಮೆಯಿಂದ ಮೈಸೂರಿಗೆ ಬಂದು, ಬಳಕೆ ತಪ್ಪಿಹೋಗಿದ್ದ ಗಂಜೀಫಾ ಎಂಬ ಆಟದೆಲೆಗಳ ಕಲೆಯನ್ನು ಸ್ವಂತ ಪರಿಶ್ರಮದಿಂದ ಕಲಿತು ಮತ್ತೆ ಬೆಳಕಿಗೆ ತಂದ ಅವರಿಗೆ ಆ ಕಲೆಯೇ ಹೆಸರಿನ ಭಾಗವಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕಡೆಯದಾದ ಕೌತುಕನಿಧಿಯಲ್ಲಿ ಇಂಥ ಆಟಗಳನ್ನು ವಿವರಿಸಿದ್ದಾರೆ; ಮತ್ಸ್ಯ, ಕೂರ್ಮ, ವರಾಹ, ನರಸಿಂಹಾದಿ ಅವತಾರಗಳ ದಶಾವತಾರ ಗಂಜೀಫಾದಲ್ಲಿ ನೂರಿಪ್ಪತ್ತು ಎಲೆಗಳು. ಅಂಗೈಯಗಲದ ಒಂದು ದುಂಡು ಎಲೆಯೊಳಗೆ ಒಂದು ಅವತಾರವನ್ನು ಅಡಗಿಸುವುದೆಂದರೆ ಎಂಥ ಕಟ್ಟುನಿಟ್ಟು ಎಂಬುದನ್ನು ಭಾವಿಸಿ ನೋಡಬೇಕು. ಗುರುವು ಮುಂದೆ ಕುಳಿತು ಕಲಿಸದಿದ್ದರೂ ಹಳೆಯ ಎಲೆಗಳೇ, ಗ್ರಂಥಗಳೇ, ಬಣ್ಣಗಳೇ ಅಲ್ಲಿ ಗುರುಗಳಾದುವು. ಮೇಲಾಗಿ ಅವರು ಹುಟ್ಟಿದ ಕರಾವಳಿ ಹಂದಿಮೊಗದ ಪಂಜುರ್ಲಿಯನ್ನು ದೈವವೆಂದು ಕಂಡು ಕೋಲ ಕೊಡುವ ನೆಲ, ಮೆಕ್ಕೆಕಟ್ಟಿನ ಮರದ ಭೂತಪ್ರತಿಮೆಗಳ ನೆಲ. ಬೆಳೆಯನ್ನು ತಿಂದುಹಾಕುವ ಕಾಡುಹಂದಿಯಲ್ಲಿ ಬೆಳೆಯನ್ನು ಕಾಯುವ ಶಕ್ತಿಯನ್ನು ಕಾಣುವ ಜನರ ನಡುವೆ ಬೆಳೆದವನಿಗೆ ವರಾಹವು ಗ್ರಂಥದಿಂದ ಬಂದ ರೂಪ ಮಾತ್ರವಾಗಿರುವುದಿಲ್ಲ.

ಮೂರನೆಯವನು ಮಧ್ಯಪ್ರದೇಶದ ಪಾಟನಗಢದ ಜನಗಢ ಸಿಂಹ ಶ್ಯಾಮ. ಗೊಂಡರ ದೇವತೆಗಳ ಕಥೆಗಳನ್ನು ಬಾನಾ ಎಂಬ ವಾದ್ಯದೊಡನೆ ಹಾಡುವುದು ಅವನ ಪರಧಾನ ಕುಲದ ವೃತ್ತಿ. ಮನೆಯ ಗೋಡೆಯ ಮೇಲೆ ಅವನು ಬರೆದುದನ್ನು ಕಂಡು ಚಿತ್ರಕಾರ ಜೆ. ಸ್ವಾಮಿನಾಥನ್ ಅವನನ್ನು ಭೋಪಾಲದ ಭಾರತ ಭವನಕ್ಕೆ ಕರೆತಂದರು. 1989ರಲ್ಲಿ ಪ್ಯಾರಿಸಿನ ಮಹಾಪ್ರದರ್ಶನದಲ್ಲಿ ಅವನ ಚಿತ್ರಗಳಿದ್ದವು. 2001ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ಜಪಾನಿನಲ್ಲಿ ತೀರಿಕೊಂಡನು. ಅವನ ವಿಷಯದಲ್ಲಿ ನಮ್ಮ ಪ್ರಶ್ನೆ ಅತ್ಯಂತ ತೀಕ್ಷ್ಣವಾಗುತ್ತದೆ. ಗೊಂಡರ ಬಡಾದೇವನು ಮರದಲ್ಲಿಯೂ ಬಾನಾದ ನಾದದಲ್ಲಿಯೂ ನೆಲಸಿದವನೇ ಹೊರತು ಚಿತ್ರದಲ್ಲಿ ಅಲ್ಲ. ಕೇಳಲು ಮಾತ್ರ ದೊರೆಯುತ್ತಿದ್ದ ದೇವತೆಗಳಿಗೆ ಜನಗಢನು ರೂಪವನ್ನು ಕೊಟ್ಟನು. ಹಾಗೆ ಮಾಡಲು ಅವನಿಗೆ ಅಧಿಕಾರವಿತ್ತೇ? ಇತ್ತೆಂದೇ ನನ್ನ ನಂಬಿಕೆ. ಅವನ ಕುಲದ ಹಾಡು ಶತಮಾನಗಳಿಂದ ಮಾಡುತ್ತಿದ್ದುದೂ ಇದೇ ಕೆಲಸವಾಗಿತ್ತು: ಕಾಣದ ದೇವನನ್ನು ಬಳಿಗೆ ಕರೆಯುವುದು. ಅವನು ಬರೆದ ಜಿಂಕೆಯ ಮೈತುಂಬ, ಹಕ್ಕಿಯ ಗರಿಯುದ್ದಕ್ಕೂ ಸಾಲುಗಟ್ಟಿದ ಚುಕ್ಕೆಗಳಲ್ಲಿ ಒಂದೂ ಆಲಸ್ಯದಿಂದ ಇಟ್ಟುದಲ್ಲ. ಆ ಸಾಲುಗಳಲ್ಲಿ ಹಾಡಿನ ಲಯವಿದೆ.

ಹಾಗಾದರೆ ತಾನೇ ಕಲಿತವನು ಎಂಬುದಕ್ಕೆ ಗುರುವಿಲ್ಲದವನು ಎಂಬ ಅರ್ಥವನ್ನು ಮಾಡುವುದು ಸರಿಯಲ್ಲ. ಭಾಗವತದ ಏಕಾದಶ ಸ್ಕಂಧದಲ್ಲಿ ಅವಧೂತನು ಯದುರಾಜನಿಗೆ ತನ್ನ ಇಪ್ಪತ್ತನಾಲ್ಕು ಗುರುಗಳನ್ನು ಹೇಳುವಾಗ ಭೂಮಿ, ಗಾಳಿ, ಸಮುದ್ರಗಳೊಡನೆ ಹೆಬ್ಬಾವನ್ನೂ ಜಿಂಕೆಯನ್ನೂ ಮೀನನ್ನೂ ಜೇಡವನ್ನೂ ಹೆಸರಿಸುತ್ತಾನೆ. ಅವನಿಗೆ ಇವು ಯಾವುವೂ ಪಾಠ ಹೇಳಲಿಲ್ಲ. ಅವನೇ ಗಮನವಿಟ್ಟು ನೋಡಿ ಕಲಿತನು. ಕಲಿಸುವವನ ಸಂಕಲ್ಪವಿಲ್ಲದೆಯೂ ಕಲಿಕೆ ಸಿದ್ಧಿಸುತ್ತದೆ, ಕಲಿಯುವವನ ಶ್ರದ್ಧೆಯಿಲ್ಲದೆ ಸಿದ್ಧಿಸುವುದಿಲ್ಲ. ಜಾನಪದದಿಂದ ಪ್ರೇರಿತನಾದ ಚಿತ್ರಕಾರನಿಗೆ ಇಡೀ ಊರೇ ಗುರುಕುಲ: ಕಥೆ ಹೇಳುವ ಅಜ್ಜಿ, ಜೋಕುಮಾರನನ್ನು ತಿದ್ದುವ ಕೈ, ಕೆರೆಯ ದಡಕ್ಕೆ ಬಂದಿಳಿಯುವ ಹಕ್ಕಿ, ಎಲ್ಲವೂ ಅವನಿಗೆ ಉಪದೇಶವೇ.

ಆದರೂ ಕಲ್ಪಿಸಿದುದೆಲ್ಲವನ್ನೂ ಒಪ್ಪಿಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಕಿನ್ನರರನ್ನು ಎರಡು ಬಗೆಯಾಗಿ, ಕುದುರೆಯ ಮೊಗ ಮನುಷ್ಯನ ಮೈಯವರೆಂದೂ ಮನುಷ್ಯನ ಮೊಗ ಕುದುರೆಯ ಮೈಯವರೆಂದೂ, ವರ್ಣಿಸುವ ಗ್ರಂಥ. ಅದೇ ಗ್ರಂಥವು ಚಿತ್ರವನ್ನು ಬಲ್ಲವನು ಯಾರೆಂದರೆ, ಮಲಗಿದವನಲ್ಲಿ ಚೈತನ್ಯವಿರುವುದನ್ನೂ ಸತ್ತವನಲ್ಲಿ ಅದಿಲ್ಲದಿರುವುದನ್ನೂ ಗೆರೆಯಲ್ಲಿ ಕಾಣಿಸಬಲ್ಲವನು ಎನ್ನುತ್ತದೆ. ಈ ಎರಡೂ ಮಾತುಗಳು ಒಂದೇ ಕಡೆ ಇರುವುದು ಆಕಸ್ಮಿಕವಲ್ಲ. ನಿದ್ರೆಗೂ ಮರಣಕ್ಕೂ ಇರುವ ಭೇದವನ್ನು ಅರಿಯುವಷ್ಟು ಲೋಕವನ್ನು ನೋಡಿದವನಿಗೆ ಮಾತ್ರ ಕಿನ್ನರನನ್ನು ಬರೆಯುವ ಅಧಿಕಾರ. ಕುದುರೆಯ ಕೊರಳು ಭುಜಕ್ಕೆ ಸೇರುವ ಬಗೆಯನ್ನು ನೋಡದವನ ಕಿನ್ನರನಲ್ಲಿ ಕುದುರೆಯೂ ಇರದು, ದೇವತ್ವವೂ ಇರದು. ಇಂದು ಮಾರುಕಟ್ಟೆಗೆ ಬರುವ ಅನೇಕ ಅದ್ಭುತ ಪ್ರಾಣಿಗಳು ಇನ್ನೊಬ್ಬರ ಚಿತ್ರವನ್ನು ನೋಡಿ ಬರೆದವು; ಅವುಗಳಲ್ಲಿ ರೆಕ್ಕೆಯಿದೆ, ಹಾರುವ ಭಾರವಿಲ್ಲ; ಹಲ್ಲಿದೆ, ಹಸಿವಿಲ್ಲ. ಅವು ನಿಜವಾಗಿಯೂ ಮೊಲದ ಕೊಂಬುಗಳು.

ಒಡಿಯಾ ಭಾಷೆಯ ಸಾರಳಾ ದಾಸನ ಮಹಾಭಾರತದಲ್ಲಿ ನವಗುಂಜರವೆಂಬ ಮೃಗವು ಅರ್ಜುನನ ಎದುರಿಗೆ ಬರುತ್ತದೆ. ಕೋಳಿಯ ತಲೆ, ನವಿಲಿನ ಕೊರಳು, ಎತ್ತಿನ ಹಿಣಿಲು, ಸಿಂಹದ ನಡು, ಹಾವಿನ ಬಾಲ, ಬೇರೆ ಬೇರೆ ಮೃಗಗಳ ಕಾಲುಗಳು, ಅವುಗಳ ನಡುವೆ ಒಂದು ಮನುಷ್ಯನ ಕೈ. ಬಿಲ್ಲನ್ನೆತ್ತಿದ ಅರ್ಜುನನು ಆ ಕೈಯನ್ನು ಕಂಡು ತಡೆದು ನಿಲ್ಲುತ್ತಾನೆ; ತನಗೆ ಪರಿಚಯವಿಲ್ಲದುದು ಇಲ್ಲದುದಲ್ಲವೆಂದು ಹೊಳೆದು, ಅದು ವಿಷ್ಣುವೆಂದರಿತು ನಮಸ್ಕರಿಸುತ್ತಾನೆ. ವಿಚಿತ್ರಮೃಗಗಳು ನಮಗೆ ಕಲಿಸುವ ಧರ್ಮವೇ ಇದು: ತಿಳಿಯದುದನ್ನು ಕಂಡೊಡನೆ ಕೊಲ್ಲಹೋಗದೆ ಒಂದು ಕ್ಷಣ ತಡೆದು ನೋಡುವುದು. ಕಾಣುವ ಲೋಕದಲ್ಲಿಯೂ ನಮ್ಮಂತಿಲ್ಲದ ಜನ, ನಮ್ಮದಲ್ಲದ ಮತ, ನಾವರಿಯದ ಜೀವಿ ಎದುರಾದಾಗ ಬೇಕಾಗುವುದು ಈ ಸಂಸ್ಕಾರವೇ ಅಲ್ಲವೆ?

ಶರಣರ ಎಚ್ಚರಿಕೆಗೆ ಉತ್ತರವೂ ಪುರಾಣದಲ್ಲಿಯೇ ಇದೆ. ರಾಹುವನ್ನು ನುಂಗಲು ಶಿವನ ಕೋಪದಿಂದ ಹುಟ್ಟಿದ ಸಿಂಹಮುಖದ ಭೂತವು, ರಾಹುವು ಶರಣಾಗತನಾದ ಮೇಲೆ, ಹಸಿವೆ ತಾಳದೆ ಏನನ್ನು ತಿನ್ನಲೆಂದು ಕೇಳಿತು. ನಿನ್ನನ್ನೇ ತಿನ್ನೆಂದನು ಶಿವ. ಅದು ಬಾಲದಿಂದ ಮೊದಲುಗೊಂಡು ತನ್ನ ಮೈಯೆಲ್ಲವನ್ನೂ ತಿಂದು ಮುಗಿಸಿ ಮೊಗವೊಂದನ್ನೇ ಉಳಿಸಿಕೊಂಡಾಗ, ಶಿವನು ಮೆಚ್ಚಿ ಕೀರ್ತಿಮುಖವೆಂದು ಕರೆದು ತನ್ನ ಬಾಗಿಲಿನಲ್ಲಿರಿಸಿದನು. ಕಲ್ಪಿತ ರೂಪಕ್ಕೆ ತಕ್ಕ ಸ್ಥಾನ ಬಾಗಿಲು, ಗರ್ಭಗುಡಿಯಲ್ಲ. ತನ್ನನ್ನು ತಾನೇ ಕಡಮೆ ಮಾಡಿಕೊಂಡು ಒಳಗಿರುವುದರತ್ತ ನಮ್ಮನ್ನು ಕಳುಹುವ ರೂಪಕ್ಕೆ ಯಾವ ನಿರಾಕಾರವಾದಿಯೂ ಭಯಪಡಬೇಕಾಗಿಲ್ಲ.

ಆದುದರಿಂದ ಸ್ವಯಂಶಿಕ್ಷಿತ ಚಿತ್ರಕಾರನ ಮೃಗಕ್ಕೆ ಪ್ರಮಾಣವೇನೆಂಬ ಪ್ರಶ್ನೆಗೆ ನನ್ನ ಉತ್ತರವಿದು: ಕಂಡುದನ್ನು ಪೂರ್ಣವಾಗಿ ಕಂಡವನಿಗೆ ಕಾಣದುದನ್ನು ಬರೆಯುವ ಹಕ್ಕುಂಟು, ಅವನ ನೋಟದ ಪ್ರಾಮಾಣಿಕತೆಯೇ ಅವನ ಆಗಮ. ಮಮದಾಪುರದಲ್ಲಿಯೋ ಇನ್ನಾವ ಹಳ್ಳಿಯಲ್ಲಿಯೋ ಶಾಲೆಯ ಹುಡುಗಿಯೊಬ್ಬಳು ಹಲಗೆಯ ಮೇಲೆ ಎರಡು ತಲೆಯ ಹಕ್ಕಿಯನ್ನು ಬರೆದು ತಂದರೆ, ಇಂಥ ಹಕ್ಕಿ ಎಲ್ಲಿದೆಯೆಂದು ಗದರಿಸಿ ಅಳಿಸಿಬಿಡಬೇಡಿರಿ. ಒಂದು ತಲೆಯ ಹಕ್ಕಿಯ ಕೊರಳು ಹೇಗೆ ತಿರುಗುತ್ತದೆಂಬುದನ್ನು ನೋಡಿದ್ದೀಯಾ ಎಂದು ಕೇಳಿ, ನೋಡಿರದಿದ್ದರೆ ಕೆರೆಯ ದಡಕ್ಕೆ ಕಳುಹಿಸಿರಿ. ನೋಡಿ ಬಂದು ಅವಳು ಮತ್ತೆ ಎರಡು ತಲೆಗಳನ್ನೇ ಬರೆದರೆ, ಆ ಚಿತ್ರವನ್ನು ಮನೆಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ತೂಗುಹಾಕಿರಿ.